ತಾರಸಿಯ ತೂತಿಗೆ ಅರಿಶಿನ

ಸ್ವಂತ ಮನೆ ಕಟ್ಟಿಸಿದವನಿಗೆ ಅದರ ಗೋಡೆಗೊಂದು ಮೊಳೆ ಹೊಡೆಯುವ ಧೈರ್ಯ ಇರುವುದಿಲ್ಲ ಎಂಬುದು ನನ್ನ ಅನುಭವ. ಬಾಡಿಗೆ ಮನೆಯಲ್ಲಿದ್ದಾಗ ನಾನೂ ಶೂರನೇ. ಕ್ಯಾಲೆಂಡರಿಗೆ, ಕೊಡೆಗೆ, ಸೊಳ್ಳೆಪರದೆಗೆ ಎಂದು ಕಂಡಲ್ಲೆಲ್ಲ ಹೊಡೆದಿದ್ದೇನೆ. ಹಿಂದೂಪುರದಲ್ಲಿ ನಮ್ಮದೇ ಒಂದು ಮನೆಯಾದ ಮೇಲೆ ಗೋಡೆಗೆ ಒರಗಲೂ ಯೋಚಿಸುವಂತಾಯಿತು. ಇಂಥವನ ತಾರಸಿಯಿಂದ ಉಯ್ಯಾಲೆ ಇಳಿಬಿಡಬೇಕೆಂದು ನನ್ನ ಹೆಂಡತಿ ಶಾರದೆಗೆ ಆಸೆ ಹುಟ್ಟಿತು. ತವರೂರು ಕಲ್ಯಾಣದುರ್ಗದಲ್ಲಿ ಬೇವಿನ ಹಲಗೆ ಮಾಡಿಸಿ, ಬಸ್ಸಿನಲ್ಲಿ ಪಕ್ಕದಲ್ಲೇ ನಿಲ್ಲಿಸಿಕೊಂಡು ತಂದಳು. ಅದಕ್ಕೂ ಟಿಕೆಟ್ಟು ಕೇಳಿದ ಕಂಡಕ್ಟರಿಗೆ, "ಇದಕ್ಕಿನ್ನೂ ಐದು ವರ್ಷ ತುಂಬಿಲ್ಲ ಕಣಪ್ಪ" ಎಂದಳಂತೆ. ಹಲಗೆ ಬಂತು, ಅದರ ಹಿಂದೆಯೇ ಕಾಯಿಲೆಯೂ ಬಂತು. ಉಯ್ಯಾಲೆ ಏರಲಿಲ್ಲ, ಶಾರದೆ ಉಳಿಯಲಿಲ್ಲ.

ಅವಳ ವರ್ಷದ ಕಾರ್ಯಕ್ಕೆ ಕಲ್ಯಾಣದುರ್ಗದಿಂದ ಅವಳ ಅಕ್ಕ ಗಂಗಕ್ಕ ಬಂದಿದ್ದಳು. ಕಾರ್ಯ ಮುಗಿದ ಮಾರನೆಯ ಬೆಳಿಗ್ಗೆ ನಡುಮನೆಯ ಮೂಲೆಯಲ್ಲಿದ್ದ ಹಲಗೆ ಅವಳ ಕಣ್ಣಿಗೆ ಬಿತ್ತು.

"ಗೋಡೆಗೆ ಆನಿಸಿ ನಿಲ್ಸಿದೀಯಲ್ಲಪ್ಪ, ಇದೇನು ಹಲಗೆನಾ, ಬಾಕಿ ವಸೂಲಿಗೆ ಬಂದೋನಾ? ಇವತ್ತು ತೂಗಾಕು. ಇಲ್ಲಾಂದ್ರೆ ಸಂಜೆ ಬಸ್ಸಿಗೆ ನಾನೇ ಒಯ್ತೀನಿ. ನಮ್ಮನೇಲಿ ತೊಲೆ ಐತೆ."

ಒಂದು ವರ್ಷದಿಂದ ಮನೆಯಲ್ಲಿ ದಿನವೂ ಧೂಳು ಒರೆಸಿಕೊಳ್ಳುತ್ತಿದ್ದ ವಸ್ತು ಅದೊಂದೇ. ಅದೂ ಹೋದರೆ ಬೆಳಿಗ್ಗೆ ಎದ್ದು ನಾನು ಒರೆಸುವುದಾದರೂ ಏನನ್ನು? ಗಂಗಕ್ಕನೋ ಆಡಿದ ಮಾತಿಗೆ ತಪ್ಪುವವಳಲ್ಲ. ಚಪ್ಪಲಿ ಮೆಟ್ಟಿಕೊಂಡು ನಮ್ಮ ಬೀದಿಯ ಎಲೆಕ್ಟ್ರಿಶಿಯನ್ ಮಸ್ತಾನನ ಮನೆಗೆ ಓಡಿದೆ.

ಮಸ್ತಾನ್ ಡ್ರಿಲ್ ಮಿಷನ್ನಿನೊಂದಿಗೆ ನಾಲ್ಕು ಆಂಕರ್ ಬೋಲ್ಟುಗಳನ್ನೂ ತಂದ. ಕಾಂಕ್ರೀಟಿನಲ್ಲಿ ತೂತು ಕೊರೆದು ಇದನ್ನು ಹೊಡೆದು ನಟ್ಟು ತಿರುಗಿಸಿದರೆ, ಒಳಗಿನ ಕೊಳವೆ ಅಗಲವಾಗಿ ತೂತಿನ ಗೋಡೆಯನ್ನು ಕಚ್ಚಿ ಹಿಡಿಯುತ್ತದಂತೆ. ಸ್ಕೂಲಿಗೆ ಹೋಗಲಾರೆನೆಂದು ಬಾಗಿಲ ಚೌಕಟ್ಟು ಹಿಡಿದ ಮಗುವಿನ ಹಾಗೆ, ಎಳೆದಷ್ಟೂ ಬಿಗಿ. ಕೇಳಲು ಚೆನ್ನಾಗಿತ್ತು. ಮಿಷನ್ ಗುರ್ರೆಂದಾಗ ಮಾತ್ರ ನನ್ನ ದವಡೆ ಹಲ್ಲನ್ನೇ ಕೊರೆದಂತಾಗಿ, ಸ್ಟೂಲು ಹಿಡಿದುಕೊಂಡೇ ಕಣ್ಣು ಮುಚ್ಚಿದೆ. ಕಣ್ಣು ಬಿಡುವಾಗ ನಾಲ್ಕು ತೂತುಗಳಾಗಿದ್ದವು, ನನ್ನ ತಲೆ ರಾಗಿ ಬೀಸಿದವನ ತಲೆಯಂತಾಗಿತ್ತು. ಮಸ್ತಾನ್ ಪಂಪಿನಿಂದ ತೂತುಗಳ ಧೂಳನ್ನು ಊದಿ ತೆಗೆದ. ಇಬ್ಬರೂ ಹೊರಗೆ ಜಗಲಿಯ ಮೇಲೆ ಕೂತು ಟೀ ಕುಡಿದು ಬಂದೆವು.

ಬಂದು ನೋಡಿದರೆ ಬೋಲ್ಟು ಸಲೀಸಾಗಿ ಒಳಗೆ ಹೋಯಿತು. ಆದರೆ ಸ್ಪ್ಯಾನರ್ ತಿರುಗಿಸಿದಷ್ಟೂ ಇಡೀ ಬೋಲ್ಟೇ ಗಿರಗಿರ ತಿರುಗಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ.

"ಬೋಲ್ಟು ಡೂಪ್ಲಿಕೇಟು ಸಾರ್" ಎಂದ ಮಸ್ತಾನ್. ಆಮೇಲೆ ಮೇಲೆ ಬೆರಳಿನಿಂದ ತಟ್ಟಿ ನೋಡಿ, "ತಾರಸಿಗೆ ಸಿಮೆಂಟು ಕಮ್ಮಿ ಹಾಕ್ಸಿದ್ರಾ ಏನು?" ಎಂದ. ಮನೆ ಕಟ್ಟಿಸಿದವನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ನಾನು ಸಿಮೆಂಟಿನ ಲೆಕ್ಕ ಒಪ್ಪಿಸಲು ಹೊರಟಾಗಲೇ ಮೇಲಿನಿಂದ ಹಳದಿ ಮುದ್ದೆಯೊಂದು ಜಾರಿ ಅವನ ಮೂಗಿನ ಮೇಲೆ ಕೂತಿತು. ಒರೆಸಿಕೊಳ್ಳಹೋಗಿ ಕೆನ್ನೆಗೆಲ್ಲ ಬಳಿದುಕೊಂಡು ಮದುಮಗನಂತಾದ. "ಇದೇಂಟಿದಿ ಸಾರ್?" ಎಂದು ತೆಲುಗಿಗೆ ಇಳಿದ. ಬೆರಳಲ್ಲಿ ತೆಗೆದು ಮೂಸಿದೆ. ಹರಳೆಣ್ಣೆ!

"ನಾನೇ ಇಕ್ಕಿದ್ದು" ಎಂದಳು ಗಂಗಕ್ಕ, ಅಡುಗೆಮನೆಯಿಂದ ಹೊರಬಂದು. ಮಂಡಿನೋವೆಂದು ನೀರನ್ನೂ ಕೂತಲ್ಲೇ ತರಿಸಿಕೊಳ್ಳುವವಳು ನಾವು ಟೀ ಕುಡಿಯುವಷ್ಟರಲ್ಲಿ ಸ್ಟೂಲು ಹತ್ತಿ ಇಳಿದಿದ್ದಳು! "ಖಾಲಿ ಗುಣಿಗೆ ಯಾರಾದ್ರೂ ಕಬ್ಬಿಣ ಇಳಿಸ್ತಾರೇನ್ಲಾ? ಚಪ್ಪರದ ಕಂಬ ನೆಡೋವಾಗ ಗುಣಿಗೆ ಹಾಲು-ತುಪ್ಪ ಬಿಡಲ್ವಾ?"

"ಅಕ್ಕಾ, ಅದು ನೆಲದಲ್ಲಿರೋ ಗುಣಿ."

"ಅಷ್ಟೂ ಗೊತ್ತಿಲ್ವಾ ನಂಗೆ? ಮೇಲಿನ ಗುಣೀಲಿ ಹಾಲು ನಿಂತದಾ? ಅದಕ್ಕೇ ಅರಿಶಿನಾನ ಹರಳೆಣ್ಣೇಲಿ ಕಲಸಿ ಮೆತ್ತಿದೆ."

ಬೋಲ್ಟು ಕಚ್ಚದೆ ಜಾರಿದ್ದು ಆ ಎಣ್ಣೆಗೇ! ನನಗೆ ನಗು ಬಂತು. ಮಸ್ತಾನನ ಹಳದಿ ಮುಖ ನೋಡಿದಷ್ಟೂ ಹೆಚ್ಚಾಯಿತು. ಗೋಡೆ ಹಿಡಿದು ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆ. ಆ ನೀರಿನಲ್ಲಿ ಕೊನೆಕೊನೆಗೆ ಬೇರೆಯದೂ ಸೇರಿತ್ತು. ಅದನ್ನು ಗಂಗಕ್ಕ ಕಂಡಳು, ತನ್ನ ಸೆರಗನ್ನು ನನ್ನತ್ತ ಚಾಚಿದಳು. ಅದಕ್ಕೂ ಅರಿಶಿನ ಹತ್ತಿತ್ತು. ಒರೆಸಿಕೊಂಡು ನಾನೂ ಹಳದಿಯಾದೆ.

ಒಂದು ಗೇಣು ಆಚೆಗೆ ಹೊಸ ತೂತುಗಳಾದವು. ಹಳೆಯವನ್ನು ನೋಡಿ ಸಂಕಟಪಡಲು ನನಗೆ ಪುರುಸೊತ್ತೂ ಸಿಗಲಿಲ್ಲ. ಅರಿಶಿನದ ಬಟ್ಟಲು ಹಿಡಿದು ಮತ್ತೆ ಹತ್ತಿರ ಬಂದ ಗಂಗಕ್ಕನಿಗೆ ಮಸ್ತಾನ್ ಕೈಮುಗಿದ: "ಮಿಷನ್‌ಕಿ ಪೆಟ್ಟಮ್ಮಾ, ಬೊಕ್ಕಲೋ ಒದ್ದು!" ಪೂಜೆ ಮಿಷನ್ನಿಗೆ, ತೂತಿಗೆ ಬೇಡ ಎಂದು ಒಪ್ಪಂದವಾಯಿತು. ಈ ಸಲ ಬೋಲ್ಟು ಕಚ್ಚಿತು. ಬೋಲ್ಟಿನ ಕೊಕ್ಕೆಗೆ ಮಸ್ತಾನನೇ ಜೋತುಬಿದ್ದು ನೋಡಿದ, ತಾರಸಿ ಜಗ್ಗಲಿಲ್ಲ. ಸರಪಳಿ ಇಳಿಯಿತು, ಹಲಗೆ ಏರಿತು. ಗೆದ್ದವನಂತೆ ಗಂಗಕ್ಕನತ್ತ ನೋಡಿ, "ಇನ್ನು ಒಯ್ಯೋಕಾಗಲ್ಲ ಬಿಡಕ್ಕಾ" ಎಂದೆ.

"ನಾನ್ಯಾಕಪ್ಪ ಒಯ್ಲಿ?" ಎನ್ನುತ್ತಾ ಅವಳು ಉಯ್ಯಾಲೆಯ ಮೇಲೆ ಕಾಲು ಮಡಿಸಿ ಕೂತಳು. "ತೂಗು, ನೋಡಾನ. ನಾಳಿಕ್ಕೆ ಹೋಯ್ತೀನಿ."

ಆ ನಾಳೆ ಇನ್ನೂ ಬಂದಿಲ್ಲ. ಅವಳ ಊಟ, ನಿದ್ದೆ, ಫೋನು ಎಲ್ಲ ಅದರ ಮೇಲೆಯೇ. ಉಯ್ಯಾಲೆಯನ್ನು ಹಿಂದೂಪುರದಲ್ಲೇ ಉಳಿಸಿಕೊಂಡ ನಾನು ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅದನ್ನು ಕಾಲಿನಿಂದ ತಳ್ಳುತ್ತಿರುತ್ತೇನೆ. ಇಷ್ಟು ಬರೆಯಲು ನಿಲ್ಲಿಸಿದ್ದಕ್ಕೇ ಈಗ ಕೂಗು ಬಂತು: "ಏನಪ್ಪಾ, ಕಾಲು ಬಿದ್ದೋಯ್ತಾ? ತೂಗು!"