‘ನೆಮ್ಮದಿ’ ಕೆತ್ತಲು ಹೊರಟ ಯಂತ್ರ

ಯಂತ್ರವನ್ನು ನಾನೇ ಕಟ್ಟಿದ್ದೆ. ಈ ವಾಕ್ಯವನ್ನು ಆ ವರ್ಷ ನನ್ನ ಬಾಯಿಂದ ಕೇಳದವರು ಕಾರವಾರದಲ್ಲಿ ಕಡಿಮೆ. ಹಳೆಯ ಪ್ರಿಂಟರುಗಳಿಂದ ಕಿತ್ತ ಮೋಟಾರುಗಳು, ಅಲ್ಯೂಮಿನಿಯಂ ಕಿಟಕಿಯ ಪಟ್ಟಿಗಳು, ಉದ್ದನೆಯ ಸ್ಕ್ರೂ ಸರಳುಗಳು, ಒಂದು ಮುದಿ ಕಂಪ್ಯೂಟರು. ಎಲ್ಲ ಸೇರಿ ಸಿಎನ್‌ಸಿ, ಅಂದರೆ ಕಂಪ್ಯೂಟರು ಹೇಳಿದ ಕಡೆ ಬೈರಿಗೆ ಓಡಿಸಿ ಮರದಲ್ಲಿ ಅಕ್ಷರ ಕೆತ್ತುವ ಯಂತ್ರ.

ಬೆಳಂಬಾರದಲ್ಲಿ ಹೆಂಡತಿಯ ತಮ್ಮ ಸುಧಾಕರ ಹೊಸ ಮನೆ ಕಟ್ಟಿಸಿದ್ದ. ಹೆಸರು ‘ನೆಮ್ಮದಿ’. ಹಿಂದಿನ ವರ್ಷ ಅವರ ಬಾವಿಯ ಪಂಪು ರಿಪೇರಿ ಮಾಡಲು ಹೋಗಿ ನಾನು ಮಾವನ ಮನೆಯಲ್ಲಿ ಮಾನ ಕಳೆದುಕೊಂಡಿದ್ದೆ. ಅದನ್ನು ಮರಳಿ ಪಡೆಯಲು ಇದಕ್ಕಿಂತ ಒಳ್ಳೆಯ ಅವಕಾಶವಿರಲಿಲ್ಲ. ಗೃಹಪ್ರವೇಶಕ್ಕೆ ಹಲಸಿನ ಹಲಗೆಯ ನಾಮಫಲಕ ನನ್ನದೇ ಎಂದು ಘೋಷಿಸಿದೆ.

ಸಂಜೆ ಯಂತ್ರ ಚಾಲೂ ಮಾಡಿದರೆ ಕೆಳಮನೆಯ ಶಾಂತಾಬಾಯಿಯವರ ಟಿವಿಯಲ್ಲಿ ಅತ್ತೆ, ಸೊಸೆ ಇಬ್ಬರ ಮುಖಕ್ಕೂ ಅಡ್ಡಗೆರೆ ಬೀಳುತ್ತಿತ್ತು. ಹಾಗಾಗಿ ಕೆತ್ತನೆಯೆಲ್ಲ ಬೆಳಿಗ್ಗೆ, ನಾನು ಕಾಲೇಜಿಗೆ ಹೊರಡುವ ಮುಂಚೆ. ಮೊದಲ ಬೆಳಿಗ್ಗೆ ‘ನೆ’ ಚೆನ್ನಾಗಿ ಬಂತು. ‘ಮ್ಮ’ ಸ್ವಲ್ಪ ಎಡಕ್ಕೆ ಜರುಗಿತು. ‘ದಿ’ ಬಂದು ‘ಮ್ಮ’ದ ಹೊಟ್ಟೆಯೊಳಗೆ ಕುಳಿತಿತು.

“ಎಂತಾ ಬರ್ದಿದ್ರಿ ಇದು?” ಹೆಂಡತಿ ವಸುಧಾ ಕೇಳಿದಳು.

“ಮೋಟಾರು ಹೆಜ್ಜೆ ತಪ್ಪಿದೆ. ಕಂಪ್ಯೂಟರು ನೂರು ಹೆಜ್ಜೆ ಇಡು ಅಂದರೆ ಅದು ತೊಂಬತ್ತು ಇಟ್ಟು ಸುಮ್ಮನಾಗುತ್ತದೆ. ಕಂಪ್ಯೂಟರಿಗೆ ಅದು ಗೊತ್ತೇ ಆಗುವುದಿಲ್ಲ.”

“ಹೇಳೋದು ಮಾತ್ರ, ನೋಡೋದಿಲ್ಲ. ನಿಮ್ಮ ಹಂಗೇ ಅದೆ ಬಿಡಿ.”

ನಾನು ವೈರು ಬದಲಿಸಿದೆ. ಹೆಜ್ಜೆ ತಪ್ಪಿತು. ಸ್ಕ್ರೂಗಳನ್ನು ಬಿಗಿ ಮಾಡಿದೆ. ತಪ್ಪಿತು. ವೇಗ ತಗ್ಗಿಸಿದೆ. ನಿಧಾನವಾಗಿ ತಪ್ಪಿತು. ಒಂದು ಭಾನುವಾರ ಮಧ್ಯಾಹ್ನ ಸುಮ್ಮನೆ ಓಡಿಸಿ ನೋಡಿದರೆ ಒಂದೇ ಒಂದು ತಪ್ಪಿಲ್ಲ!

“ಹಂಗಾದ್ರೆ ಮಧ್ಯಾಹ್ನವೇ ಕೆತ್ತಿ ಮುಗಿಸಿ ಮಾರಾಯ್ರೆ,” ಎಂದಳು ವಸುಧಾ.

“ಕಾರಣ ತಿಳಿಯದೆ ಕೆತ್ತುವುದು ಅವೈಜ್ಞಾನಿಕ,” ಎಂದೆ. ಹೀಗೆ ಅಂದಿದ್ದು ನನಗೆ ನೆನಪಿಲ್ಲ. ಆದರೆ ಅವಳು ಇಂದಿಗೂ ಇದನ್ನು ನನ್ನ ಧ್ವನಿಯಲ್ಲೇ ಹೇಳಿ ತೋರಿಸುವುದರಿಂದ ಅಂದಿರಲೇಬೇಕು.

ಕಾರಣ ನನಗೆ ಹೊಳೆಯಿತು: ವೋಲ್ಟೇಜು. ಬೆಳಿಗ್ಗೆ ನಮ್ಮ ಕಟ್ಟಡದ ನೀರಿನ ಪಂಪು, ಮಿಕ್ಸಿ, ಇಸ್ತ್ರಿ ಎಲ್ಲ ಒಟ್ಟಿಗೆ ಓಡುತ್ತವೆ, ನನ್ನ ಮೋಟಾರು ಸೊರಗುತ್ತದೆ. ಹಬ್ಬುವಾಡದ ಆ ಕಟ್ಟಡದ ಪ್ರತಿ ಮನೆಗೂ ಹೋಗಿ ವಿದ್ಯುತ್ತಿನ ಬಗ್ಗೆ ಸಣ್ಣ ಉಪನ್ಯಾಸ ಕೊಟ್ಟೆ. ಒಂದು ಬೆಳಿಗ್ಗೆ ಯಾರೂ ಏನನ್ನೂ ಹಾಕಬಾರದು ಎಂದು ವಿನಂತಿಸಿದೆ. ಭೌತಶಾಸ್ತ್ರದ ಲೆಕ್ಚರರು ಹೇಳುತ್ತಿದ್ದಾರೆಂದು ಪಾಪ, ಒಪ್ಪಿದರು.

ಆ ಬೆಳಿಗ್ಗೆ ಯಾರ ಮನೆಯಲ್ಲೂ ಚಟ್ನಿಯಿಲ್ಲ. ಟ್ಯಾಂಕು ಖಾಲಿ. ಇಸ್ತ್ರಿಯಿಲ್ಲದ ಅಂಗಿ ತೊಟ್ಟ ಗಂಡಸರು, ಖಾಲಿ ಕೊಡ ಹಿಡಿದ ಶಾಂತಾಬಾಯಿ, ಎಲ್ಲರೂ ನಮ್ಮ ಪಡಸಾಲೆಯಲ್ಲಿ ನೆರೆದರು. ನಾನು ಗುಂಡಿ ಒತ್ತಿದೆ. ‘ನೆ’ ಬಂತು. ಮೋಟಾರು ಗುರ್ರೆಂದು ನರಳಿತು. ‘ಮ್ಮ’ ಮತ್ತೆ ಎಡಕ್ಕೆ ಜರುಗಿತು.

“ಸರ್,” ಶಾಂತಾಬಾಯಿ ಸೌಮ್ಯವಾಗಿ ಕೇಳಿದರು, “ನಳದಲ್ಲಿ ನೀರಿಲ್ಲ. ನೀವು ಉಳಿಸಿದ ವೋಲ್ಟೇಜು ಕುಡೂಕೆ ಬರ್ತದಾ?”

ವಸುಧಾ ಅಷ್ಟರಲ್ಲಿ ಸ್ಕ್ರೂ ಸರಳಿಗೆ ಬೆರಳು ತಾಗಿಸಿದ್ದಳು. ಬೆರಳು ಬೆಳ್ಳಗಾಗಿತ್ತು. “ಇದೆಂತಾ, ಇದಕ್ಕೆ ಬೆಣ್ಣೆ ಹಚ್ಚಿದ್ರಾ?”

ಬೆಣ್ಣೆಯಲ್ಲ, ತೆಂಗಿನೆಣ್ಣೆ. ನಮ್ಮಲ್ಲಿ ತಲೆಕೂದಲಿನಿಂದ ಬಾಗಿಲಿನ ಚಿಲಕದವರೆಗೆ ಎಲ್ಲಕ್ಕೂ ಅದೇ ಎಣ್ಣೆ. ಸರಳುಗಳಿಗೂ ಅದನ್ನೇ ನಾನು ಧಾರಾಳವಾಗಿ ಹಚ್ಚಿದ್ದೆ. ಡಿಸೆಂಬರಿನ ಬೆಳಗಿನ ಚಳಿಗೆ ಅದು ಹೆಪ್ಪುಗಟ್ಟಿ, ಮರದ ಪುಡಿಯೊಂದಿಗೆ ಅಂಟಾಗಿ, ಮೋಟಾರನ್ನು ಹಿಡಿದು ನಿಲ್ಲಿಸುತ್ತಿತ್ತು. ಮಧ್ಯಾಹ್ನ ಕರಗಿ ಬಿಟ್ಟುಕೊಡುತ್ತಿತ್ತು.

“ಚಳೀಲಿ ನಾವು ಎಣ್ಣೆ ಬಾಟ್ಲಿ ಬಿಸಿಲಿಗೆ ಇಡ್ತೇವೆ,” ಎಂದರು ಶಾಂತಾಬಾಯಿ. “ನಿಮ್ಮ ಕಾಲೇಜಲ್ಲಿ ಇದನ್ನ ಎಷ್ಟನೇ ವರ್ಷಕ್ಕೆ ಕಲಿಸ್ತ್ರಿ?”

ಯಾರೋ ಹೋಗಿ ಪಂಪು ಹಾಕಿದರು.

ಸರಳುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಲಿಗೆ ಯಂತ್ರದ ಎಣ್ಣೆ ಹಾಕಿದ ಮೇಲೆ ಹಲಗೆಯ ಮೇಲೆ ‘ನೆಮ್ಮದಿ’ ಕೂದಲೆಳೆಯಷ್ಟೂ ಆಚೀಚೆಯಾಗದೆ ಮೂಡಿತು. ಗೃಹಪ್ರವೇಶದ ದಿನ ವಸುಧಾಳೊಂದಿಗೆ ಹೊರಟು, ಅದನ್ನು ರೇಷ್ಮೆ ಶಾಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಅಂಕೋಲೆಯಲ್ಲಿ ರಿಕ್ಷಾ ಹಿಡಿದು ಬೆಳಂಬಾರಕ್ಕೆ ಒಯ್ದೆ.

ಬಾಗಿಲ ಪಕ್ಕದ ಗೋಡೆಯಲ್ಲಿ ಕರಿಕಲ್ಲಿನ ಫಲಕವಿತ್ತು. ಬಂಗಾರದ ಬಣ್ಣದಲ್ಲಿ ‘ನೆಮ್ಮದಿ’. ಸುತ್ತಲಿನ ಸಿಮೆಂಟು ಎಂದೋ ಒಣಗಿ, ಮೇಲೆ ಬಣ್ಣವೂ ಬಳಿದಾಗಿತ್ತು.

“ಇದು ಯಾವಾಗ ಹಾಕಿಸಿದೆ ಸುಧಾಕರ?”

ಅವನು ಅಕ್ಕನ ಮುಖ ನೋಡಿದ. ಅಕ್ಕ ಇದ್ದಕ್ಕಿದ್ದಂತೆ ತೋರಣ ನೋಡತೊಡಗಿದಳು.

“ನೀವು ಬೋರ್ಡು ಮಾಡಿಕೊಡ್ತೆ ಅಂದ್ರಲಾ ಭಾವ, ಅದರ ಮರುದಿನವೇ ಅಕ್ಕ ಫೋನ್ ಮಾಡಿದ್ಲು. ಕಲ್ಲಿನ ಬೋರ್ಡಿಗೆ ಈಗಲೇ ಹೇಳಿಬಿಡು ಅಂದ್ಲು.” ಶಾಲಿನ ತುದಿ ಸರಿಸಿ ನೋಡಿ ಸೇರಿಸಿದ, “ನಿಮ್ದೂ ಚಂದ ಅದೆ. ಒಳಗೆ ಎಲ್ಲಾದ್ರೂ ಹಾಕುವಾ.”

ನಾನು ದೊಡ್ಡ ಮನಸ್ಸಿನಿಂದ ನಕ್ಕುಬಿಟ್ಟೆ ಎಂದು ನನ್ನ ನೆನಪು. ಪಂಕ್ತಿಯಲ್ಲಿ ಮುಖ ಊದಿಸಿಕೊಂಡು ಕುಳಿತು ಎರಡು ಸಲವೂ ಪಾಯಸ ಬೇಡವೆಂದೆ ಎಂದು ವಸುಧಾಳ ನೆನಪು. ಅವಳೇ ಸರಿ ಇರಬೇಕು. ಆ ಪಾಯಸದ ರುಚಿ ಎಷ್ಟು ಯೋಚಿಸಿದರೂ ನನಗೆ ನೆನಪಾಗುತ್ತಿಲ್ಲ.