ಗುಡ್ಡಕ್ಕೆ ಇಟ್ಟ ಕುಂಕುಮ

ಮನೆಗೆ ಹೊಸದು ಏನೇ ಬರಲಿ, ಅದಕ್ಕೊಂದು ಕುಂಕುಮ ಇಡದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಫ್ರಿಜ್ಜಿಗೆ ಇಟ್ಟಿದ್ದೇನೆ, ಮಗಳ ಲ್ಯಾಪ್‌ಟಾಪಿಗೆ ಇಟ್ಟು "ಮಮ್ಮಿ, ಪ್ಲೀಸ್!" ಅನ್ನಿಸಿಕೊಂಡಿದ್ದೇನೆ. ದೇವರ ದಯೆ, ಇವತ್ತಿನವರೆಗೆ ಯಾವುದೂ ಕೆಟ್ಟಿಲ್ಲ. ಮಿಕ್ಸಿ ಮಾತ್ರ ಎರಡು ಸಲ ಕೆಟ್ಟಿತು. ಮೂರನೆಯ ಸಲ ಕೆಡಲಿಲ್ಲವಲ್ಲ, ಅದೂ ದಯೆಯೇ.

ನಮ್ಮವರು ನೌಪಾಡಾದ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದ ಮೇಲೆ ಎಣ್ಣೆಬಣ್ಣದ ಚಿತ್ರ ಕಲಿಯಲು ಹೊರಟರು. ನಮ್ಮ ಮನೆಯ ಬಾಲ್ಕನಿಯಿಂದ ರಬಾಳೆಯ ಕಾರ್ಖಾನೆಗಳ ಹಿಂದಿನ ಗುಡ್ಡ ಕಾಣುತ್ತದೆ. ಅದನ್ನೇ ಬರೆದರು. ಬರೆದರು ಅನ್ನುವುದಕ್ಕಿಂತ ಮೆತ್ತಿದರು ಅನ್ನಬೇಕು. ಕುಂಚ ಬಿಟ್ಟು, ಗಾರೆಯವನ ಕರಣೆಯಂಥ ಪುಟ್ಟ ಚೂರಿಯಲ್ಲಿ ಹಸಿರು ಬಣ್ಣವನ್ನು ಗಟ್ಟಿ ಚಟ್ನಿಯ ಹಾಗೆ ಗುಪ್ಪೆ ಹಾಕುವುದು, ಎಳೆಯುವುದು, ಮತ್ತೆ ಹಾಕುವುದು. "ಇಷ್ಟು ಬಣ್ಣದಲ್ಲಿ ಬಾಗಿಲು ಕಿಟಕಿಗೆಲ್ಲ ಬಳಿಯಬಹುದಿತ್ತಲ್ಲ" ಎಂದೆ. "ಗುಡ್ಡ ದಪ್ಪ ಉಂಟು ಮಾರಾಯ್ತಿ, ಬಣ್ಣವೂ ದಪ್ಪವೇ ಬೇಕು. ನೋಡು, ಬೆಳಕು ಬಿದ್ರೆ ನೆರಳೂ ಬೀಳ್ತದೆ" ಎಂದರು. ನಿಜಕ್ಕೂ ಬೀಳುತ್ತಿತ್ತು. ಮಗಳೂ "ಪಪ್ಪಾ, ಮಸ್ತ್ ಹೈ!" ಎಂದಳು. ಭಾನುವಾರ ಕನ್ನಡ ಸಂಘದ ಪ್ರದರ್ಶನಕ್ಕೆ ಕೊಡುವುದೆಂದಾಯಿತು. ಅರವತ್ತೊಂದರಲ್ಲಿ ಮೊದಲ ಪ್ರದರ್ಶನ. ಮನುಷ್ಯ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಶನಿವಾರ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಒಳ್ಳೆಯದಾಗಲಿ ಎಂದು ಕುಂಕುಮದ ಬೆರಳನ್ನು ಗುಡ್ಡದ ಹೊಟ್ಟೆಗೆ ಒತ್ತಿದೆ. ಹದಿನೈದು ದಿನವಾಗಿತ್ತು, ಒಣಗಿರಬೇಡವೇ? ಮೇಲೆ ಕೆನೆ ಕಟ್ಟಿತ್ತು ಅಷ್ಟೆ. ಬೆರಳು ಅರ್ಧ ಗೆಣ್ಣು ಇಳಿಯಿತು. ತೆಗೆದರೆ ಹೊಂಡ, ಹೊಂಡದ ತುಂಬ ಕೆಂಪು.

"ಇವರೇ, ನಿಮ್ಮ ಗುಡ್ಡಕ್ಕೆ ಕುಂಕುಮ ಇಟ್ಟೆ" ಎಂದೆ. ಬಂದು ನೋಡಿದರು. ಬೈಯಲಿಲ್ಲ. ಚೂರಿ ಹಿಡಿದು ಹೊಂಡದ ಅಂಚನ್ನು ನೇರವಾಗಿ ಕೆತ್ತಿದರು, ಕೆಂಪಿಗೆ ಚೂರು ಬೂದು ಕಲಸಿದರು. "ಅಲ್ಲಿ ಕಲ್ಲಿನ ಕ್ವಾರಿ ಉಂಟಲ್ಲ, ಚಂದ ಕಾಣುದಿಲ್ಲ ಅಂತ ಬಿಟ್ಟಿದ್ದೆ. ದೇವರು ನಿನ್ನ ಕೈಯಲ್ಲಿ ಅಗೆಸಿದ, ಬಿಡು" ಎಂದರು. ಇಂಥ ಗಂಡನನ್ನು ಕೊಟ್ಟ ದೇವರಿಗೆ ಆ ದಿನ ಎರಡನೆಯ ಸಲ ದೀಪ ಹಚ್ಚಿದೆ.

ಭಾನುವಾರ ಸಂಘದ ಹಾಲ್‌ನಲ್ಲಿ ಚಿತ್ರದ ಪಕ್ಕದಲ್ಲೇ ಕುರ್ಚಿ ಹಾಕಿ ಕೂತೆ. ಡೊಂಬಿವಲಿಯಿಂದ ಬಂದವರೊಬ್ಬರು "ಅಬ್ಬ, ಎಷ್ಟು ದಪ್ಪ!" ಎಂದು ಬೆರಳು ಚಾಚಿದರು. "ಅಕ್ಕಾ, ಕೈ ತೆಗೀರಿ! ಒಣಗ್ಲಿಕ್ಕೆ ತಿಂಗಳುಗಟ್ಟಲೆ ಬೇಕು. ಅಷ್ಟೂ ತಿಳಿಯುದಿಲ್ವಾ?" ಎಂದು ಗದರಿದೆ. ಹಿಂದೆ ನಿಂತಿದ್ದ ನಮ್ಮವರಿಗೆ ಕೆಮ್ಮು ಹತ್ತಿತು. ನಿಲ್ಲಲೇ ಇಲ್ಲ, ಪಾಪ, ನಾನೇ ಎದ್ದು ನೀರು ತಂದುಕೊಟ್ಟೆ.