ರಾಯಕೋಟೆ ಬೆಟ್ಟದ ಎದೆನೋವು

ಹಗ್ಗ ಹಿಡಿದು ಬಂಡೆ ಇಳಿಯುವುದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಈ ಮಾತನ್ನು ನಾನು ಅನೇಕರಿಗೆ ಧೈರ್ಯವಾಗಿ ಹೇಳಿದ್ದೇನೆ. ಹೇಳುವಾಗಲೆಲ್ಲ ನಾನು ಸಮತಟ್ಟಾದ ನೆಲದ ಮೇಲೆ, ಕುರ್ಚಿಯಲ್ಲಿ, ಟೀ ಲೋಟ ಹಿಡಿದು ಕೂತಿದ್ದೆ ಎಂಬುದೊಂದೇ ಸಣ್ಣ ಕೊರತೆ.

ನಾನು ತುಮಕೂರು ಕಡೆಯವನು. ಹೊಸೂರಿನ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಕೆಲಸ. ನಮ್ಮ ಬಡಾವಣೆಯಲ್ಲಿ ಬೆಟ್ಟ ಹತ್ತುವವರ ಸಂಘವೊಂದಿದೆ. ತಿಂಗಳಿಗೊಂದು ಭಾನುವಾರ ಸುತ್ತಲಿನ ಯಾವುದಾದರೂ ಬೆಟ್ಟ ಹತ್ತುವುದು, ಮೇಲೆ ಕೂತು ತಿನ್ನುವುದು, ಇಳಿಯುವುದು. ಇದರಲ್ಲಿ ನಡುವಿನ ಕಾರ್ಯಕ್ರಮ ನನಗೆ ಬಹಳ ಹಿಡಿಸಿತ್ತು. ಹಾಗಾಗಿ ಸೇರಿದೆ.

ಸಂಘದ ಮುಖ್ಯಸ್ಥರು ಮುನಿರಾಜಣ್ಣ. ನಮ್ಮ ಕಾರ್ಖಾನೆಯಲ್ಲೇ ಸುರಕ್ಷತಾ ವಿಭಾಗದಲ್ಲಿದ್ದು ನಿವೃತ್ತರಾದವರು. ಯಾರಾದರೂ ಸೀನಿದರೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೆರೆಯುವಷ್ಟು ಕರ್ತವ್ಯನಿಷ್ಠೆ. ಈ ವರ್ಷ ಸೆಲ್ವಿ ಎಂಬ ಹುಡುಗಿ ಸಂಘಕ್ಕೆ ಸೇರಿದಳು. ಬ್ಯಾಂಕಿನಲ್ಲಿ ಕೆಲಸ, ಹಗ್ಗದ ವಿದ್ಯೆಯಲ್ಲಿ ಸರಿಯಾದ ತರಬೇತಿ. ಒಂದು ಸಂಜೆ ಟೀ ಕುಡಿಯುವಾಗ ಅವಳು ಕೇಳಿದಳು, "ಯಾರಿಗಾದ್ರೂ ಹಗ್ಗದಲ್ಲಿ ಇಳಿದು ಅಭ್ಯಾಸ ಇದೆಯಾ?"

ಎಲ್ಲರೂ ಸುಮ್ಮನಿದ್ದರು. ಆ ಮೌನ ನನಗೆ ಸಹಿಸಲಾಗಲಿಲ್ಲ.

"ಸ್ವಲ್ಪ ಇದೆ," ಎಂದೆ.

ಕಾಲೇಜಿನ ಒಂದು ಶಿಬಿರದಲ್ಲಿ ನಾನು ಡೇರೆಯ ಹಗ್ಗ ಹಿಡಿದುಕೊಂಡು ನಿಂತಿದ್ದೆ. ಅದು ನಿಜ. ಆದರೆ ಮುಂದಿನ ವಾರದ ಟೀಗೆ ಡೇರೆ ಹೋಗಿ ಬಂಡೆ ಬಂತು. ಅದರ ಮುಂದಿನ ವಾರ ಬಂಡೆಯ ಕೆಳಗೆ ಕಣಿವೆ ಬಂತು. ಕೊನೆಗೆ ಜಡಿಮಳೆಯೂ ಬಂತು! ಹೊಲಿಗೆ ಅಂಗಡಿಯ ನಾಗರಾಜ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಅಂಥ ಶ್ರೋತೃ ಸಿಕ್ಕರೆ ಯಾರಿಗೆ ತಾನೇ ಮಳೆ ನಿಲ್ಲಿಸಲು ಮನಸ್ಸು ಬರುತ್ತದೆ?

ನನ್ನ ಹೆಂಡತಿ ಪುಷ್ಪಾ ಮಾತ್ರ ನಂಬಲಿಲ್ಲ. ಅವಳು ಡೆಂಕಣಿಕೋಟೆ ಹತ್ತಿರದ ಹಳ್ಳಿಯವಳು. ರಾಗಿ ಹೊಲಕ್ಕೆ ಆನೆ ನುಗ್ಗಿದರೆ ತಮಟೆ ಬಡಿದು ಓಡಿಸುವ ಮನೆತನ. ನನ್ನ ಸಾಹಸಗಳಿಗೆ ಮನೆಯಲ್ಲಿ ಅಷ್ಟು ಗಿರಾಕಿ ಇರಲಿಲ್ಲ.

"ರೀ, ಅಟ್ಟದ ಮೇಲಿನ ಡಬ್ಬ ಇಳಿಸ್ಕೊಡಿ ಅಂದ್ರೆ ಸ್ಟೂಲ್ ಅಲ್ಲಾಡ್ತದೆ ಅಂತೀರ. ಬಂಡೆ ಯಾವಾಗ ಇಳಿದ್ರಿ?"

"ಅದು ಮದುವೆಗೆ ಮುಂಚೆ," ಎಂದೆ ಗಂಭೀರವಾಗಿ.

ಹೀಗಿರಲು ಸಂಘದ ರಾಯಕೋಟೆ ಪ್ರವಾಸ ನಿಗದಿಯಾಯಿತು. ಕೋಟೆ ಬೆಟ್ಟ ಹತ್ತುವುದು, ಮೇಲೆ ಒಂದು ಬಂಡೆಯಲ್ಲಿ ಹಗ್ಗದ ಅಭ್ಯಾಸ, ಆಮೇಲೆ ಪುಳಿಯೋಗರೆ. ಕುಟುಂಬದವರಿಗೂ ಆಹ್ವಾನ. ಪುಷ್ಪಾ ಹೊಸ ಚಪ್ಪಲಿ ಹಾಕಿಕೊಂಡು ಹೊರಟಳು. ಬಸ್ಸಿನಲ್ಲಿ ನಾನು ಕಿಟಕಿಯಾಚೆಯ ಟೊಮೇಟೊ ತೋಟಗಳನ್ನು ನೋಡುತ್ತಾ, ಅನುಭವಿ ಮನುಷ್ಯನಿಗೆ ತಕ್ಕ ಮುಖ ಮಾಡಿಕೊಂಡು ಕೂತಿದ್ದೆ.

ಬೆಟ್ಟ ಹತ್ತುವವರೆಗೆ ಎಲ್ಲವೂ ಚೆನ್ನಾಗಿಯೇ ಇತ್ತು. ಮೇಲೆ ಸೆಲ್ವಿ ಒಂದು ಬಂಡೆಯನ್ನು ಆರಿಸಿ ಹಗ್ಗ ಬಿಗಿದಳು. ಬಂಡೆ ದೊಡ್ಡದೇನಲ್ಲ, ನಮ್ಮ ಬಡಾವಣೆಯ ಎರಡು ಅಂತಸ್ತಿನ ಮನೆಯಷ್ಟು. ಅವಳು ಎಲ್ಲರ ಮುಂದೆ ಹೇಳಿದಳು:

"ಮೊದಲು ಜಗದೀಶ್ ಸಾರ್ ಇಳಿದು ತೋರಿಸ್ತಾರೆ. ಸಾರ್, ವಾಂಗ, ಬನ್ನಿ!"

ಚಪ್ಪಾಳೆ! ನಾಗರಾಜನದೇ ಜೋರು.

ನನ್ನ ಸೊಂಟಕ್ಕೆ ಪಟ್ಟಿ ಬಿಗಿದರು, ತಲೆಗೆ ಹೆಲ್ಮೆಟ್ ಇಟ್ಟರು. ಬಂಡೆಯ ಅಂಚಿಗೆ ಬೆನ್ನು ಮಾಡಿ ನಿಲ್ಲಬೇಕು, ಹಿಂದಕ್ಕೆ ವಾಲಬೇಕು, ಹಗ್ಗ ಸಡಿಲಿಸುತ್ತಾ ನಡೆಯಬೇಕು. ಇಷ್ಟೇ. ನಾನು ಹಿಂದಕ್ಕೆ ತಿರುಗಿ ಒಮ್ಮೆ ಕೆಳಗೆ ನೋಡಿದೆ. ಅಲ್ಲಿ ಪುಷ್ಪಾ ಚಪ್ಪಲಿ ಬಿಚ್ಚಿಟ್ಟು, ಜಮಖಾನ ಹಾಸಿ, ಪುಳಿಯೋಗರೆಯ ಡಬ್ಬ ತೆಗೆಯುತ್ತಿದ್ದಳು. ಡಬ್ಬ ಗುಂಡುಸೂಜಿಯ ತಲೆಯಷ್ಟು ಕಂಡಿತು!

ಕೂಡಲೇ ನನಗೆ ಅನೇಕ ತುರ್ತು ಕೆಲಸಗಳು ನೆನಪಾದವು. ಶೂ ಲೇಸ್ ಬಿಚ್ಚಿ ಕಟ್ಟಿದೆ. ಕನ್ನಡಕ ಒರೆಸಿದೆ. ನೀರು ಕುಡಿದೆ. ಹೆಂಗಸರಿಗೆ ಮೊದಲ ಅವಕಾಶ ಕೊಡುವುದು ನಮ್ಮ ಸಂಸ್ಕೃತಿ ಎಂದು ಚಿಕ್ಕ ಭಾಷಣವನ್ನೂ ಮಾಡಿದೆ. ಹೆಂಗಸರು ಸಂಸ್ಕೃತಿಯನ್ನು ನಯವಾಗಿ ತಿರಸ್ಕರಿಸಿದರು.

"ಹಿಂದಕ್ಕೆ ವಾಲಿ ಸಾರ್," ಎಂದಳು ಸೆಲ್ವಿ.

ವಾಲಿದೆ. ಒಂದು ಹೆಜ್ಜೆ ಇಳಿದೆ. ಅಲ್ಲಿಗೆ ಕಾಲುಗಳು ಕೆಲಸ ನಿಲ್ಲಿಸಿದವು. ಕೈಗೆ ಸಿಕ್ಕ ಒಂದು ಪೊದೆಯನ್ನು ತಬ್ಬಿಕೊಂಡೆ. ಮುಳ್ಳಿನ ಪೊದೆ! ಬಿಡಲಿಲ್ಲ.

"ಸಾರ್, ಬಯಪ್ಪಡಾದೀಂಗ, ಹೆದರ್ಬೇಡಿ! ನಾನು ಹಗ್ಗ ಹಿಡ್ಕೊಂಡಿದೀನಿ. ಭಯ ಆದ್ರೆ ಹೇಳಿ, ಮೇಲಕ್ಕೆ ಎಳ್ಕೋತೀನಿ."

ನೋಡಿ, ದಾರಿ ಎಷ್ಟು ಸರಳವಾಗಿತ್ತು! 'ಭಯ ಆಗ್ತಿದೆ ತಾಯಿ' ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕೆಳಗಿನಿಂದ ನಾಗರಾಜ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದ. ಜಡಿಮಳೆಯಲ್ಲಿ ಕಣಿವೆ ಇಳಿದ ಮನುಷ್ಯ ಆ ಮಾತನ್ನು ಹೇಗೆ ಹೇಳುವುದು? ನಾನು ಯೋಚಿಸುತ್ತಿರುವಾಗಲೇ ನನ್ನ ಬಾಯಿ ತಾನಾಗಿ ತೆರೆದುಕೊಂಡಿತು.

"ಅಯ್ಯೋ... ಎದೆ ನೋವು!"

ಒಂದು ಕೈಯಿಂದ ಎದೆಯನ್ನೂ ಹಿಡಿದುಕೊಂಡೆ. ಅಭಿನಯ ಪೂರ್ತಿಯಾಗಬೇಕಲ್ಲ!

ನನ್ನ ಲೆಕ್ಕಾಚಾರ ಇಷ್ಟೇ: ಮೇಲಕ್ಕೆ ಎಳೆದುಕೊಳ್ಳುತ್ತಾರೆ, ನೆರಳಲ್ಲಿ ಕೂರಿಸುತ್ತಾರೆ, ಮಜ್ಜಿಗೆ ಕೊಡುತ್ತಾರೆ. ಸ್ವಲ್ಪ ಹೊತ್ತಿಗೆ ನೋವು ಮಾಯ, ಮಾನ ಭದ್ರ. ಈ ಲೆಕ್ಕದಲ್ಲಿ ನಾನು ಮುನಿರಾಜಣ್ಣನನ್ನು ಸೇರಿಸಿಕೊಂಡಿರಲಿಲ್ಲ.

ನಾನು ಮೇಲೆ ಬಂದು ಬಿದ್ದ ಕೂಡಲೇ ಅವರು ಗುಡುಗಿದರು. "ಯಾರೂ ಎಬ್ಬಿಸ್ಬ್ಯಾಡ್ರಿ! ಒಂದ್ ಹೆಜ್ಜೆನೂ ನಡೀಬಾರ್ದು ಅವ್ರು. ಲೇ ನಾಗರಾಜ, ಬಿದಿರು ತಗೊಂಬಾರ್ಲಾ! ಸೆಲ್ವಿ, ಆಂಬುಲೆನ್ಸ್‌ಗೆ ಫೋನ್ ಮಾಡಮ್ಮ!"

ನೋಡುನೋಡುತ್ತಲೇ ಸಂಘದವರು ಹೊತ್ತು ತಂದಿದ್ದ ಬಿದಿರು ಗಳಗಳ ನಡುವೆ ಇನ್ನೊಂದು ಜಮಖಾನ ಬಿಗಿದು ಡೋಲಿ ತಯಾರಾಯಿತು. ಇಷ್ಟು ದಿನ ಅವರು ಈ ಅಭ್ಯಾಸವನ್ನು ಬೂಸಾ ಮೂಟೆ ಇಟ್ಟುಕೊಂಡು ಮಾಡುತ್ತಿದ್ದರಂತೆ. ನಿಜವಾದ ರೋಗಿ ಸಿಕ್ಕಿದ್ದು ಇದೇ ಮೊದಲು.

ಅಷ್ಟರಲ್ಲಿ ಪುಷ್ಪಾ ಕೆಳಗಿನಿಂದ ಓಡಿ ಬಂದಳು. ಆನೆಗೆ ಹೆದರದವಳ ಮುಖ ಬಿಳುಚಿಕೊಂಡಿತ್ತು. ನಾನು ಗಾಬರಿಯಾದೆ.

"ಏನಿಲ್ಲ ಪುಷ್ಪಾ, ಈಗ ಪರವಾಗಿಲ್ಲ. ನಡ್ಕೊಂಡೇ ಬರ್ತೀನಿ," ಎಂದು ಏಳಲು ಹೋದೆ.

ಮುನಿರಾಜಣ್ಣ ನನ್ನನ್ನು ಒತ್ತಿ ಮಲಗಿಸಿದರು. "ಪರ್ವಾಗಿಲ್ಲ ಅಂತ್ಲೇ ಅಂತಾರೆ ಸಾರ್. ಅಂದು ಹಂಗೇ ಹೋಗ್ಬುಡ್ತಾರೆ!"

ಪುಷ್ಪಾ ಹೋ ಎಂದು ಅತ್ತಳು. ಅಲ್ಲಿಂದ ಮುಂದೆ ನಾನು ಚೆನ್ನಾಗಿದ್ದೇನೆ ಎಂದು ಹೇಳಿದಷ್ಟೂ ನನ್ನ ಸ್ಥಿತಿ ಗಂಭೀರವೆಂದು ತೀರ್ಮಾನವಾಗುತ್ತಾ ಹೋಯಿತು. ಕೊನೆಗೆ ಉರುಳದಿರಲೆಂದು ಪಂಚೆಯಲ್ಲಿ ಕಟ್ಟಿಯೂ ಹಾಕಿದರು.

ಹೊರಟಿತು ಮೆರವಣಿಗೆ. ನನ್ನ ಶರೀರ ಸಣ್ಣದಲ್ಲ. ಹೊತ್ತವರ ಉಸಿರಾಟ ಕಮ್ಮಾರನ ತಿದಿಯಂತೆ ಕೇಳುತ್ತಿತ್ತು. ಕಡಿದಾದ ಮೆಟ್ಟಿಲುಗಳಲ್ಲಿ ಮುಂದಿನವರು ಡೋಲಿಯನ್ನು ತಲೆಯ ಮೇಲೆ ಎತ್ತಬೇಕು, ಹಿಂದಿನವರು ಕೂತು ಕೂತು ಇಳಿಯಬೇಕು. ಪಕ್ಕದಲ್ಲಿ ಪುಷ್ಪಾ, "ಮುನೇಶ್ವರಾ, ಇವ್ರನ್ನ ಉಳಿಸ್ಕೊಡಪ್ಪಾ, ಮುಡಿ ಕೊಡಿಸ್ತೀನಿ," ಎಂದು ತವರಿನ ದೇವರನ್ನು ಕರೆಯುತ್ತಾ ಬರುತ್ತಿದ್ದಳು.

ಬಿಸಿಲು ಏರಿತು. ಯಾರೋ ಪುಣ್ಯಾತ್ಮರು ನನ್ನ ಮುಖದ ಮೇಲೆ ಬಿಳಿ ಟವೆಲ್ ಹೊದಿಸಿದರು. ಅಲ್ಲಿಂದ ಕಥೆ ಇನ್ನೊಂದು ತಿರುವು ಪಡೆಯಿತು. ಎದುರಿಗೆ ಹತ್ತಿ ಬರುತ್ತಿದ್ದವರೆಲ್ಲ ಪಕ್ಕಕ್ಕೆ ಸರಿದು ನಿಲ್ಲತೊಡಗಿದರು. ಟವೆಲಿನ ಸಂದಿಯಿಂದ ನೋಡಿದೆ. ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದರು!

ಆಡು ಮೇಯಿಸುತ್ತಿದ್ದ ಅಜ್ಜಿಯೊಬ್ಬಳು ಹತ್ತಿರ ಬಂದಳು. "ಅಯ್ಯೋ ಪಾಪ, ವಯಸ್ಸೇನೂ ಆಗಿರ್ನಿಲ್ವೇನೋ. ಒಳ್ಳೆ ಸಾವು ಬುಡವ್ವಾ, ಬೆಟ್ಟದ್ ಮ್ಯಾಲೆ ಹೋಗವ್ರೆ," ಎಂದು ಪುಷ್ಪಾಗೆ ಸಮಾಧಾನ ಹೇಳಿದಳು.

ಅದೇ ಗಳಿಗೆಯಲ್ಲಿ ಟವೆಲಿನ ಧೂಳು ಮೂಗಿಗೆ ಹೋಗಿ ನಾನು ಸೀನಿದೆ. ಅಜ್ಜಿ ಚೀರಿದಳು. ಆಡುಗಳು ಚದುರಿ ದಾರಿಗೆ ನುಗ್ಗಿದವು. ಮುಂದೆ ಹೊತ್ತಿದ್ದ ನಾಗರಾಜನ ಕಾಲ ಸಂದಿಯಲ್ಲಿ ಒಂದು ಆಡು ತೂರಿತು. ಅವನ ಪಾದ ಹೊರಳಿತು. "ಅಮ್ಮಾ!" ಎಂದ. ಆದರೆ ಡೋಲಿ ಮಾತ್ರ ಬಿಡಲಿಲ್ಲ.

"ಲೇ, ಕೆಳಗಿಡ್ಲಾ, ಬೇರೆಯೋರು ಹಿಡ್ಕತಾರೆ," ಎಂದರು ಮುನಿರಾಜಣ್ಣ.

"ಬ್ಯಾಡಣ್ಣ. ಇಳಿಸಿ ಎತ್ತೋದ್ರಲ್ಲಿ ಸಾರ್‌ಗೆ ಏನಾನ ಆಗ್ಬುಟ್ರೆ? ನಡೀರಿ, ನಾನು ಬತ್ತೀನಿ."

ಅವನು ಕುಂಟುತ್ತಲೇ ಹೊತ್ತ. ಟವೆಲಿನ ಕೆಳಗೆ ನನ್ನ ಮುಖ ಬಿಸಿಯಾಯಿತು. ಬಿಸಿಲಿನಿಂದಲ್ಲ. ಆಗಲೇ ನಿಜ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ. ಈ ಸಲ ಆ ದರಿದ್ರ ಬಾಯಿಂದ ಒಂದು ಅಕ್ಷರವೂ ಹೊರಡಲಿಲ್ಲ!

ಆಂಬುಲೆನ್ಸು ನಮ್ಮನ್ನು ಕೃಷ್ಣಗಿರಿಯ ಆಸ್ಪತ್ರೆಗೆ ತಲುಪಿಸಿತು. ಎದೆಗೆ ತಂತಿ ಅಂಟಿಸಿದರು, ರಕ್ತ ತೆಗೆದರು. ಡಾಕ್ಟರು ಕಾಗದ ನೋಡಿ, "ಹಾರ್ಟ್ ಸೂಪರಾ ಇರುಕ್ಕು!" ಎಂದು ಸಂತೋಷಪಟ್ಟರು. ಆಮೇಲೆ ಕೇಳಿದರು, "ಎಲ್ಲಿ ನೋವಾಯ್ತು, ತೋರಿಸಿ."

ತೋರಿಸಿದೆ.

ಡಾಕ್ಟರು ಸ್ವಲ್ಪ ಹೊತ್ತು ನನ್ನ ಕೈಯನ್ನು ನೋಡಿದರು. "ಸಾರ್, ಅದು ಬಲಗಡೆ," ಎಂದರು ಮೆಲ್ಲಗೆ. ಪಕ್ಕದ ಹಾಸಿಗೆಯಲ್ಲಿ ನಾಗರಾಜನ ಊದಿದ ಪಾದಕ್ಕೆ ಪಟ್ಟಿ ಕಟ್ಟುತ್ತಿದ್ದರು. ಡಾಕ್ಟರು ಅತ್ತ ತಿರುಗಿ, "ಪೇಷೆಂಟ್ ಇವರು ಕಣ್ರೀ," ಎಂದು ಹೊರಟೇ ಹೋದರು.

ನಾನು ಎದ್ದು ಹೊರಗೆ ಬಂದೆ. ಪುಷ್ಪಾ ಬೆಂಚಿನ ಮೇಲೆ ಕೂತು ಪಿನ್ನಿನಿಂದ ಅಂಗಾಲನ್ನು ಕೆದಕುತ್ತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಾನು ಕೂಗಿದ ಕೂಡಲೇ ಬಿಚ್ಚಿಟ್ಟ ಚಪ್ಪಲಿಯನ್ನು ಅಲ್ಲೇ ಬಿಟ್ಟು ಓಡಿ ಬಂದಿದ್ದಾಳೆ. ಕಾದ ಬಂಡೆ, ಮುಳ್ಳು, ಮೆಟ್ಟಿಲು, ಎಲ್ಲವನ್ನೂ ಬರಿಗಾಲಲ್ಲಿ ಇಳಿದಿದ್ದಾಳೆ. ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು. ಅವಳು ಅದನ್ನು ಆಗಷ್ಟೇ ಗಮನಿಸಿದಂತಿತ್ತು.

"ಡಾಕ್ಟ್ರು ಏನಂದ್ರು?" ಎಂದು ಎದ್ದು ನಿಂತಳು.

ನಾನು ಅವಳ ಪಕ್ಕ ಕುಸಿದು ಕೂತೆ. "ಪುಷ್ಪಾ, ನನಗೆ ಎದೆನೋವು ಬಂದಿರ್ಲಿಲ್ಲ."

"ಅಂದ್ರೆ?"

"ಭಯ ಆಯ್ತು. ಹೇಳೋಕೆ ನಾಚಿಕೆ ಆಯ್ತು."

"ಒಂಚೂರೂ ನೋವಿರ್ನಿಲ್ವಾ?"

"ಇಲ್ಲ."

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ಅಳುವೋ ನಗುವೋ ತಿಳಿಯಲಿಲ್ಲ. ಕೈ ತೆಗೆದಾಗ ಎರಡೂ ಇತ್ತು.

"ದಾರಿ ಉದ್ದಕ್ಕೂ ಇನ್ನು ನಾನೊಬ್ಳೇ ಹೆಂಗಿರೋದು ಅಂತ ಯೋಚ್ನೆ ಮಾಡ್ಕಂಡು ಬಂದೆ ಕಣ್ರೀ," ಎಂದಳು. "ನೀವು ಟವೆಲ್ ಒಳಗೆ ಸುಮ್ನೆ ಮಲಗಿದ್ರಿ."

ಮುಳ್ಳು ತೆಗೆಯುತ್ತೇನೆ ಎಂದು ಪಿನ್ನಿಗೆ ಕೈ ಚಾಚಿದೆ. "ಬ್ಯಾಡ. ರಕ್ತ ನೋಡಿ ನಿಜವಾಗ್ಲೂ ಬಿದ್ದೋಗ್ತೀರ," ಎಂದು ಕೈ ಸರಿಸಿದಳು. ಆಮೇಲೆ ನೆನಪಿಸಿಕೊಂಡು ಹೇಳಿದಳು, "ಹರಕೆ ಹೊತ್ತಾಗೈತೆ. ಮುನೇಶ್ವರನಿಗೆ ಸುಳ್ಳಾಡಕ್ಕಾಗಲ್ಲ."

"ಪಾಪ, ನಿನ್ನ ಕೂದಲು..."

"ನನ್ ಕೂದ್ಲು ಯಾಕ್ ಕೊಡ್ಲಿ? ನಾನು ಹೊತ್ಕಂಡಿದ್ದು ನಿಮ್ದು!"

ಹಾಗಾಗಿ ಮುಂದಿನ ಸಂಘದ ಸಭೆಗೆ ನಾನು ನುಣ್ಣಗಿನ ತಲೆಯಲ್ಲಿ ಹೋಗಬೇಕಾಯಿತು. ಎದ್ದು ನಿಂತು, ಡೇರೆಯ ಹಗ್ಗದಿಂದ ಹಿಡಿದು ಎದೆನೋವಿನವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. ಯಾರೂ ಬೆಚ್ಚಿಬೀಳಲಿಲ್ಲ. ಅದೇ ವಿಚಿತ್ರವೆನಿಸಿತು.

"ಅರ್ಧ ದಾರಿಲೇ ಅನುಮಾನ ಬಂತು ಸಾರ್," ಎಂದರು ಮುನಿರಾಜಣ್ಣ. "ನೋವು ಅಂತ ಬಂಡೆ ಮ್ಯಾಲೆ ಒಂದ್ಸಲ ಬಲಗಡೆ ಹಿಡ್ಕಂಡ್ರಿ, ಒಂದ್ಸಲ ಎಡಗಡೆ."

"ಮತ್ತೆ ಯಾಕೆ ಹೊತ್ತಿರಿ? ಅಲ್ಲೇ ಕೆಳಗೆ ಕುಕ್ಕಬೇಕಿತ್ತು ನನ್ನನ್ನು!"

ಅವರು ಟೀ ಲೋಟ ಕೆಳಗಿಟ್ಟರು. "ನಿಜ ಆಗಿದ್ರೆ?"

ನಾನು ನಾಗರಾಜನ ಪಟ್ಟಿ ಕಟ್ಟಿದ ಕಾಲನ್ನು ನೋಡಿದೆ. ತಲೆ ತಗ್ಗಿಸಿದೆ. ತಗ್ಗಿಸಿದರೆ ನುಣ್ಣಗಿನ ತಲೆಯೇ ಎಲ್ಲರಿಗೂ ಕಾಣುತ್ತದೆಂದು ಮತ್ತೆ ಎತ್ತಿದೆ. ನಾಗರಾಜ ಮಾತ್ರ ಬಹಳ ಬೇಸರದಲ್ಲಿದ್ದ. "ಎದೆನೋವು ಸುಳ್ಳಾದ್ರೆ ಹೋಗ್ಲಿ ಬುಡಿ ಸಾರ್. ಆ ಜಡಿಮಳೆನೂ ಸುಳ್ಳಾ?" ಎಂದ. ಅವನಿಗೆ ಅದೇ ದೊಡ್ಡ ನಷ್ಟವಾಗಿ ಕಂಡಿತ್ತು.

ನನ್ನನ್ನು ಸಂಘದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ತೆಗೆಯಲಿಲ್ಲ. ಬದಲಿಗೆ ಒಂದು ಹುದ್ದೆ ಕೊಟ್ಟರು. ಬೂಸಾ ಮೂಟೆಗಿಂತ ನಾನೇ ಅಭ್ಯಾಸಕ್ಕೆ ಅನುಕೂಲವೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಈಗ ಪ್ರತಿ ಪ್ರವಾಸದಲ್ಲೂ ನಾನೇ ಸಂಘದ ಅಧಿಕೃತ ರೋಗಿ.

ಮೊನ್ನೆ ಅಂಚೆಟ್ಟಿ ಕಡೆಯ ಬೆಟ್ಟಕ್ಕೆ ಹೋಗಿದ್ದೆವು. ಕೈಕಾಲು ಕಟ್ಟಿಸಿಕೊಂಡು ಡೋಲಿಯಲ್ಲಿ ಮಲಗಿದ್ದೆ. ಹೊಸದಾಗಿ ಸೇರಿದ ಹೆಂಗಸೊಬ್ಬರು ಅಭ್ಯಾಸವೆಂದು ತಿಳಿಯದೆ ಓಡಿ ಬಂದು, ಕನಿಕರದಿಂದ ನನ್ನ ಹಣೆ ಮುಟ್ಟಿ ನೋಡಿದರು. "ಅಯ್ಯೋ ಪಾಪ, ಏನಾಗಿದೆ ಇವ್ರಿಗೆ?"

"ಇವ್ರಿಗಾ?" ಎಂದರು ಮುನಿರಾಜಣ್ಣ, ಹಗ್ಗದ ಗಂಟು ಬಿಗಿಯುತ್ತಾ. "ಏನೂ ಆಗಿಲ್ಲಮ್ಮ. ಅದೇ ಇವ್ರ ಕಾಯ್ಲೆ."